ಬೆಳಗಿನ ಬಿಗಿತ ಎಷ್ಟು ಹೊತ್ತು?

ಹಾಸನ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಕೀಲು ನೋವಿನ ಕಾಯಿಲೆಗಳು ನೂರಕ್ಕೂ ಹೆಚ್ಚಿವೆ. ಅಷ್ಟನ್ನೂ ಇವತ್ತು ಹೇಳುವುದಿಲ್ಲ. ಒಂದೇ ಒಂದು ಪ್ರಶ್ನೆ ಹೇಳಿಕೊಡುತ್ತೇನೆ. ನಿಮ್ಮನ್ನು ನೀವೇ ಕೇಳಿಕೊಳ್ಳಿ, ಮನೆಯಲ್ಲಿ ಅಮ್ಮನನ್ನೂ ಅತ್ತೆಯನ್ನೂ ಕೇಳಿ. ಬೆಳಿಗ್ಗೆ ಎದ್ದ ಮೇಲೆ ಕೈಕಾಲು ಬಿಗಿಯಾಗಿ ಹಿಡಿದುಕೊಂಡಿರುವುದು ಎಷ್ಟು ಹೊತ್ತು?

ಹತ್ತು ನಿಮಿಷ, ಕಾಲು ಗಂಟೆ ಓಡಾಡಿದರೆ ಸಡಿಲ ಆಗುತ್ತದೆ, ಆದರೆ ಸಂಜೆ ಕೆಲಸ ಮುಗಿಸುವ ಹೊತ್ತಿಗೆ ನೋವು ಜಾಸ್ತಿ ಅಂತೀರಾ? ಅದು ಹೆಚ್ಚಾಗಿ ಸವೆತ. ಒಂದು ಗಂಟೆ ಕಳೆದರೂ ಬಿಗಿತ ಬಿಡುವುದಿಲ್ಲ, ಕೀಲು ಬಾತುಕೊಂಡಿದೆ, ಕೆಲಸ ಮಾಡ್ತಾ ಮಾಡ್ತಾ ಹಗುರ ಆಗುತ್ತದೆ ಅಂತೀರಾ? ಅದು ಉರಿಯೂತ. ಇವೆರಡೂ ಬೇರೆ ಬೇರೆ ಕಾಯಿಲೆ. ಔಷಧಿಯೂ ಬೇರೆ.

ಸಕಲೇಶಪುರದ ಕಡೆಯ ಕಾಫಿ ತೋಟವೊಂದರಿಂದ ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಬಂದಿದ್ದರು. ಇನ್ನೂ ನಲವತ್ತು ತುಂಬಿರಲಿಲ್ಲ. ಹಣ್ಣು ಕೊಯ್ಲಿನ ಕಾಲ. ಕೊಯ್ದ ಹಣ್ಣನ್ನು ತೂಕ ಹಾಕಿ ಕೂಲಿ ಕೊಡುತ್ತಾರೆ, ಅಂದರೆ ಬೆರಳು ಓಡಿದಷ್ಟೇ ದುಡ್ಡು. ಇವರಿಗೆ ಬೆಳಿಗ್ಗೆ ಹತ್ತು ಗಂಟೆಯವರೆಗೆ ಬೆರಳು ಮಡಚಲಿಕ್ಕೇ ಬರುತ್ತಿರಲಿಲ್ಲ. ಬಚ್ಚಲ ಹಂಡೆಯ ಬಿಸಿನೀರಲ್ಲಿ ಕೈ ಅದ್ದಿಕೊಂಡು ಕೂತಿರುತ್ತಿದ್ದರಂತೆ. ರವಿಕೆ ಹುಕ್ಕು ಹಾಕಿಕೊಳ್ಳಲು ಮಗಳನ್ನು ಕರೆಯಬೇಕು. ಅಕ್ಕಿ ರೊಟ್ಟಿ ತಟ್ಟುವ ಕೆಲಸವೂ ಮಗಳ ಪಾಲಿಗೆ ಬಂದಿತ್ತು. "ಮಂಜಿಗೆ, ಚಳಿಗೆ ಹಿಡ್ಕೊಂಡೈತೆ ಅಂತ ಸುಮ್ನಿದ್ದೆ ಡಾಕ್ಟ್ರೇ" ಅಂದರು. ಚಳಿ ಹೋಗಿ ಮಳೆ ಬಂದು, ಮತ್ತೆ ಚಳಿ ಬಂದಿತ್ತು. ಕೈ ಮಾತ್ರ ಹಾಗೇ ಇತ್ತು.

"ಮುಷ್ಟಿ ಕಟ್ಟಮ್ಮಾ" ಅಂದೆ. ನೀವೂ ಈಗಲೇ ಕಟ್ಟಿ ನೋಡಿ. ಬೆರಳ ಬುಡದ ಗೆಣ್ಣುಗಳ ನಡುವೆ ಸಣ್ಣ ಸಣ್ಣ ತಗ್ಗು ಕಾಣಬೇಕು. ಇವರ ಎರಡೂ ಕೈಯಲ್ಲಿ ಆ ತಗ್ಗುಗಳೇ ಇರಲಿಲ್ಲ, ಊದಿ ಸಮ ಆಗಿದ್ದವು. ಬೆರಳ ತುದಿಯ ಗೆಣ್ಣುಗಳು ಮಾತ್ರ ಚೆನ್ನಾಗಿದ್ದವು. ಅಂಗೈಯನ್ನು ಎರಡೂ ಪಕ್ಕದಿಂದ ಮೆಲ್ಲಗೆ ಒತ್ತಿದೆ, ಕಣ್ಣಲ್ಲಿ ನೀರು ಬಂತು. ಇದು ರುಮಟಾಯ್ಡ್ ಸಂಧಿವಾತ. ಮನೆ ಕಾಯುವ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ, ರೋಗದ ವಿರುದ್ಧ ಹೋರಾಡಬೇಕಾದ ದೇಹದ ಶಕ್ತಿ ಕೀಲಿನ ಮೇಲೇ ತಿರುಗಿ ಬೀಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಬೇಜಾರಾಗಿದ್ದು ಆಮೇಲೆ. ಯಾರೋ ಕೊಟ್ಟ ಚೀಟಿಯಿಲ್ಲದ ಮಾತ್ರೆಯನ್ನು ಆ ತಾಯಿ ತಿಂಗಳುಗಟ್ಟಲೆ ನುಂಗಿದ್ದರು. ನುಂಗಿದ ದಿನ ನೋವು ಮಾಯ, ಬಿಟ್ಟರೆ ಎರಡರಷ್ಟು. ಮುಖ ಗುಂಡಗೆ ಊದಿತ್ತು, ಸಕ್ಕರೆ ಏರಿತ್ತು. ಸ್ಟೀರಾಯ್ಡ್ ಲಕ್ಷಣ ಅದು. ವೈದ್ಯರು ಲೆಕ್ಕ ಹಾಕಿ ಕೊಟ್ಟರೆ ಸ್ಟೀರಾಯ್ಡ್ ಒಳ್ಳೆಯ ಔಷಧಿಯೇ. ಹೆಸರಿಲ್ಲದ ಪೊಟ್ಟಣದಲ್ಲಿ ಬಂದರೆ ಮೂಳೆಯನ್ನೇ ಟೊಳ್ಳು ಮಾಡುತ್ತದೆ. ದಯವಿಟ್ಟು ತಗೋಬೇಡಿ. ಎಷ್ಟು ಸಲ ಹೇಳಿದರೂ ಮತ್ತೆ ಅದೇ ಪೊಟ್ಟಣ ಹಿಡಿದುಕೊಂಡು ಬರುತ್ತಾರೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸರಿಯಾದ ಔಷಧಿ ಶುರು ಮಾಡಿದೆವು. ಮುಂದಿನ ಕೊಯ್ಲಿಗೆ ಆಕೆ ಬೇರೆಯವರ ಸಮಕ್ಕೆ ಹಣ್ಣು ಕೊಯ್ದರು. ಆದರೆ ಅಷ್ಟರಲ್ಲಾಗಲೇ ಸೊಟ್ಟಗಾಗಿದ್ದ ಒಂದು ಬೆರಳು ನೇರ ಆಗಲೇ ಇಲ್ಲ. ಮೊದಲ ಕೆಲವು ತಿಂಗಳಲ್ಲೇ ಬಂದಿದ್ದರೆ ಆ ಬೆರಳೂ ಉಳಿಯುತ್ತಿತ್ತೇನೋ. ಅದಕ್ಕೇ ಕೇಳುವುದು, ಬೆಳಗಿನ ಬಿಗಿತ ಎಷ್ಟು ಹೊತ್ತು?

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಮಂಡಿ ಸವೆತ ಇರುವವರು ಮೂಲೆ ಹಿಡಿದು ಕೂರಬೇಡಿ. ಕುರ್ಚಿ ಮೇಲೆ ಕೂತು ಕಾಲು ನೇರ ಚಾಚಿ, ಹತ್ತು ಎಣಿಸಿ, ಇಳಿಸಿ. ತೊಡೆ ಗಟ್ಟಿಯಾದರೆ ಮಂಡಿಯ ಭಾರ ಕಡಿಮೆ. ತೂಕವನ್ನೂ ಇಳಿಸಿ.

ರಾತ್ರೋರಾತ್ರಿ ಕಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದಿಕೆ ತಾಗಿದರೂ ಜೀವ ಹೋಗುವಂತಾದರೆ ಅದು ಗೌಟ್ ಇರಬಹುದು. ಯೂರಿಕ್ ಆಮ್ಲದ ಹರಳು ಕೀಲಲ್ಲಿ ಕೂತಿರುತ್ತದೆ. ಕುಡಿತ ಬಿಡಿ, ಔಷಧಿ ಇದೆ.

ಚಿಕೂನ್‌ಗುನ್ಯಾ 2006ರಲ್ಲಿ ನಮ್ಮ ರಾಜ್ಯವನ್ನು ಹೇಗೆ ಕಾಡಿತು ಅಂತ ನಿಮಗೆ ನೆನಪಿದೆ ಅಲ್ವಾ? ಆ ಜ್ವರ ಬಿಟ್ಟು ಮೂರು ತಿಂಗಳಾದರೂ ಕೀಲು ಬಾತುಕೊಂಡೇ ಇದ್ದರೆ ತೋರಿಸಿಕೊಳ್ಳಿ.

ಇನ್ನು ಹುಡುಗರ ಬೆನ್ನು ನೋವು. ಮಲಗಿದರೆ ಜಾಸ್ತಿ, ಓಡಾಡಿದರೆ ಕಡಿಮೆ, ಬೆಳಗಿನ ಜಾವ ಎಚ್ಚರ ಆಗುತ್ತದೆ ಅಂದರೆ ಅದನ್ನು ಬೈಕ್ ಓಡಿಸಿದ ನೋವು ಅಂತ ತಳ್ಳಿಹಾಕಬೇಡಿ. ಅದು ಬೆನ್ನುಮೂಳೆಯ ಉರಿಯೂತ ಇರಬಹುದು. ಅಲ್ಲೂ ಕೇಳಬೇಕಾದ್ದು ಅದೇ ಪ್ರಶ್ನೆ.

ರುಮಟಾಯ್ಡ್ ಸಂಧಿವಾತಕ್ಕೆ ರಕ್ತದಲ್ಲಿ ಆರ್‌ಎ ಫ್ಯಾಕ್ಟರ್ ಅನ್ನುವ ಅಂಶ ಇದೆಯಾ ಅಂತ ನೋಡುತ್ತಾರೆ. ಅದು ಇಲ್ಲ ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತಲ್ಲ. ರಕ್ತ ಪರೀಕ್ಷೆಯ ಚೀಟಿ ತೋರಿಸುವ ಮೊದಲು ವೈದ್ಯರಿಗೆ ಕೈ ತೋರಿಸಿ.

ಕೊನೆಯದಾಗಿ, ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವವರು ಗಮನವಿಟ್ಟು ಕೇಳಿ. ಅದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ವಾರದ ಯಾವ ದಿನ ಅಂತ ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಮನೆಯವರಿಗೂ ಹೇಳಿಡಿ. ಗುಣ ಕಾಣಲು ಒಂದೂವರೆಯಿಂದ ಮೂರು ತಿಂಗಳು ಬೇಕು, ನಡುವೆ ಬಿಡಬೇಡಿ. ಹೇಳಿದಾಗೆಲ್ಲ ರಕ್ತ ಪರೀಕ್ಷೆ ಮಾಡಿಸಿ. ಮಗು ಬೇಕು ಅಂತಿರುವವರು ಮೊದಲೇ ವೈದ್ಯರಿಗೆ ತಿಳಿಸಿ, ಔಷಧಿ ಬದಲಾಯಿಸಿ ಕೊಡುತ್ತಾರೆ. ನಮಸ್ಕಾರ.