ಪುಟ್ಟ ಮೆಕ್ ಗೇಮ್, ಶಿರಸಿಯಿಂದ ಕಾರವಾರದವರೆಗೆ ಜಗಳ

ನಮಸ್ಕಾರ ಎಲ್ಲರಿಗೂ. ಈಗ ಪರದೆ ಮೇಲೆ ಓಡುತ್ತಿರುವ ಆಟದ ಹೆಸರು 'ಇನ್‌ಟು ದ ಬ್ರೀಚ್'. ನೋಡೋಕೆ ಇಷ್ಟೇ. ಎಂಟು ಸಾಲು, ಸಾಲಿಗೆ ಎಂಟು ಚೌಕ. ಅದರ ಮೇಲೆ ನಮ್ಮ ಮೂರು ಮೆಕ್‌ಗಳು. ಮೆಕ್ ಅಂದರೆ ಒಳಗೆ ಪೈಲಟ್ ಕೂತು ನಡೆಸುವ ದೈತ್ಯ ಯಂತ್ರ. ಎದುರಿಗೆ ನೆಲ ಸೀಳಿಕೊಂಡು ಮೇಲೆ ಬರುವ ವೆಕ್ ಅನ್ನೋ ಹುಳುಗಳು. ಮಧ್ಯದಲ್ಲಿ ಸಿಕ್ಕಿಹಾಕಿಕೊಂಡ ಊರು.

ಇದನ್ನು ಮಾಡಿದ್ದು ಸಬ್‌ಸೆಟ್ ಗೇಮ್ಸ್. ಜಸ್ಟಿನ್ ಮಾ ಮತ್ತು ಮ್ಯಾಥ್ಯೂ ಡೇವಿಸ್ ಎಂಬ ಇಬ್ಬರು ಶುರು ಮಾಡಿದ ಸಣ್ಣ ತಂಡ. 2012ರಲ್ಲಿ ಎಫ್‌ಟಿಎಲ್ ಅನ್ನೋ ಬಾಹ್ಯಾಕಾಶ ಹಡಗಿನ ಆಟ ಕೊಟ್ಟವರೂ ಇವರೇ. ಈ ಆಟ ಬಂದಿದ್ದು 2018ರ ಫೆಬ್ರವರಿಯಲ್ಲಿ. ಆ ವರ್ಷ ದ ಗೇಮ್ ಅವಾರ್ಡ್ಸ್‌ನಲ್ಲಿ ಸ್ಟ್ರಾಟಜಿ ವಿಭಾಗದ ಪ್ರಶಸ್ತಿ ಇದಕ್ಕೇ ಬಂತು. ಪ್ರಶಸ್ತಿ ಬಂದು ಇಷ್ಟು ವರ್ಷ ಆಯ್ತು, ನಮ್ಮ ಬಳಗದಲ್ಲಿ ಮಾತ್ರ ಇದರ ಜಗಳ ಇನ್ನೂ ಮುಗಿದಿಲ್ಲ. ಸರಿ, ಆಡುವವರ ಬಾಯಲ್ಲೇ ಕೇಳೋಣ ಅಂತ ಕ್ಯಾಮೆರಾ ಹಿಡಿದು ಹೊರಟೆ.

ಮೊದಲು ಶಿರಸಿ. ಮಳೆ ನೋಡಿ, ಲೆನ್ಸ್ ಒರೆಸಿ ಒರೆಸಿ ಸಾಕಾಯ್ತು. ಇವರು ನಮ್ಮ ಭಾವ. ಮಳೆ ಹೊಳವಾದಾಗ ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸುತ್ತಾರೆ, ರಾತ್ರಿ ಆರ್ಮರ್ಡ್ ಕೋರ್ 6 ಆಡುತ್ತಾರೆ. ಅದು 2023ರಲ್ಲಿ ಬಂದ ದೊಡ್ಡ ಕಂಪನಿಯ ಮೆಕ್ ಗೇಮ್. ಇನ್‌ಸ್ಟಾಲ್ ಮಾಡಲು 60 ಜಿಬಿ ಜಾಗ ಬೇಕು. ಅದಕ್ಕಾಗಿ ಇವರ ಮನೆಯಲ್ಲಿ ಒಂದು ಒಳ್ಳೆಯ ಪಿಸಿ, ಅದಕ್ಕೊಂದು ಯುಪಿಎಸ್. ಇನ್‌ಟು ದ ಬ್ರೀಚ್ ಹೆಸರು ತೆಗೆದ ಕೂಡಲೇ ಮುಖ ಕಿವುಚಿದರು.

"ಎಂಗೆ ಇಷ್ಟ ಆಜಿಲ್ಲೆ ತಮಾ. ಇದು ಮೆಕ್ ಗೇಮ್ ಅಲ್ದೋ, ಚದುರಂಗ. ಯಕ್ಷಗಾನದಲ್ಲಿ ಬಣ್ಣದ ವೇಷ ಬಂದ್ರೆ ರಂಗಸ್ಥಳ ನಡುಗವು. ಇಲ್ಲಿ ರಾಕ್ಷಸ ಬಂದು ಒಂದು ಹೆಜ್ಜೆ ಇಟ್ಟು ಸುಮ್ನೆ ನಿಂತ್ಕತ್ತ."

ಭಾವನ ತಕರಾರು ಹೊಸದಲ್ಲ. ಈ ಆಟದ ಮೇಲೆ ಬೇಸರ ಮಾಡಿಕೊಂಡವರಲ್ಲಿ ಬಹಳ ಜನ ಹೇಳುವುದು ಇದನ್ನೇ. ಮೆಕ್ ಅಂದ ಮೇಲೆ ಭಾರ ಬೇಕು, ಸದ್ದು ಬೇಕು. ಕೈಯಾರೆ ಭಾಗ ಜೋಡಿಸಿ, ಬಣ್ಣ ಬಳಿದು, ಇದು ನನ್ನ ಯಂತ್ರ ಅನ್ನೋ ಹೆಮ್ಮೆ ಬೇಕು. ಇಲ್ಲಿ ಅಂಥದ್ದು ಕಡಿಮೆ. ಒಂದು ಮೆಕ್‌ಗೆ ಎರಡು ಆಯುಧ ಸಿಕ್ಕಿಸಬಹುದು, ರಿಯಾಕ್ಟರ್ ಶಕ್ತಿ ಸ್ವಲ್ಪ ಆಚೆ ಈಚೆ ಹಂಚಬಹುದು. ಮುಗಿಯಿತು. ಕಾಲು ಬದಲಿಸೋದು, ಕೈ ಬದಲಿಸೋದು ಯಾವುದೂ ಇಲ್ಲ. ಭಾವ ಹೇಳಿದ್ದು ಸುಳ್ಳಲ್ಲ. ಆದರೆ ಭಾರ ಇಲ್ಲ ಅನ್ನೋದನ್ನು ನಾನು ಒಪ್ಪಲ್ಲ. ಯಾಕೆ ಅಂತ ಒಂದೇ ಒಂದು ಟರ್ನ್ ತೋರಿಸಿ ಹೇಳ್ತೀನಿ. ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಈ ಆಟದಲ್ಲಿ ಹುಳುಗಳು ಮೊದಲು ಜಾಗ ಹಿಡಿದು ಗುರಿ ಇಡುತ್ತವೆ. ಯಾವ ಚೌಕಕ್ಕೆ ಹೊಡೆಯುತ್ತವೆ, ಯಾವುದು ಮೊದಲು, ಎಷ್ಟು ಏಟು, ಎಲ್ಲ ಬಯಲಾಗಿ ಕಾಣುತ್ತದೆ. ಆಮೇಲೆ ನಮ್ಮ ಟರ್ನ್. ನಾವು ಆಡಿದ ಮೇಲೆ ಅವು ಹೊಡೆಯುತ್ತವೆ.

ಈಗ ನೋಡಿ. ಬಲಗಡೆ ಫೈರ್‌ಫ್ಲೈ ಅನ್ನೋ ಒಂದು ಹುಳು. ಅದು ಉಗಿಯುವ ಗುಂಡು ನೇರ ಸಾಲಿನಲ್ಲಿ ಹೋಗುತ್ತದೆ. ಗುರಿ ಎಡಗಡೆಯ ಕಟ್ಟಡ. ಅದರ ಕೆಳಗಿನ ಸಾಲಿನಲ್ಲಿ ಒಂದು ಹಾರ್ನೆಟ್, ಇನ್ನೊಂದು ಕಟ್ಟಡಕ್ಕೆ ಅಂಟಿಕೊಂಡು ಕುಟುಕಲು ತಯಾರಾಗಿದೆ. ಇವೆರಡನ್ನೂ ಈ ಟರ್ನ್‌ನಲ್ಲೇ ಹೊಡೆದು ಸಾಯಿಸುವಷ್ಟು ಬಲ ನನ್ನಲ್ಲಿಲ್ಲ. ಫೈರ್‌ಫ್ಲೈಗೆ ಮೂರು ಜೀವ, ಹಾರ್ನೆಟ್‌ಗೆ ಎರಡು.

ಮೊದಲು ಆರ್ಟಿಲರಿ ಮೆಕ್. ದೂರದಿಂದಲೇ ಒಂದು ಶೆಲ್ ಹಾರ್ನೆಟ್ ಮೇಲೆ. ಒಂದು ಜೀವ ಹೋಯ್ತು, ಒಂದು ಉಳೀತು. ಈಗ ಕಾಂಬ್ಯಾಟ್ ಮೆಕ್ ಫೈರ್‌ಫ್ಲೈನ ಮೇಲಿನ ಚೌಕಕ್ಕೆ ಬಂದು ಒಂದು ಗುದ್ದು ಕೊಡುತ್ತದೆ. ಫೈರ್‌ಫ್ಲೈ ಸಾಯಲಿಲ್ಲ. ಆದರೆ ಒಂದು ಚೌಕ ಕೆಳಗೆ ಜಾರಿತು. ಗುರಿಯ ದಿಕ್ಕು ಮಾತ್ರ ಬದಲಾಗಲ್ಲ, ಅದು ಎಡಕ್ಕೇ ಇದೆ. ಈಗ ಆ ಸಾಲಿನಲ್ಲಿ ಎಡಕ್ಕೆ ಯಾರಿದ್ದಾರೆ? ಹಾರ್ನೆಟ್. ಟರ್ನ್ ಮುಗಿಸಿದೆ. ಫೈರ್‌ಫ್ಲೈ ಉಗುಳಿತು, ಹಾರ್ನೆಟ್ ಸತ್ತಿತು. ಎರಡು ಕಟ್ಟಡವೂ ಉಳೀತು.

ಇಷ್ಟರಲ್ಲಿ ಇನ್ನೊಂದು ಫೈರ್‌ಫ್ಲೈ ಕೆಳಗಡೆಯ ಕಟ್ಟಡಕ್ಕೆ ಗುರಿ ಇಟ್ಟಿತ್ತು. ಅದಕ್ಕೆ ಉಪಾಯ ಏನೂ ಹೊಳೆಯಲಿಲ್ಲ. ಮೂರನೇ ಮೆಕ್ ಅನ್ನು ಕಟ್ಟಡದ ಮುಂದೆ ತಂದು ಸುಮ್ನೆ ನಿಲ್ಲಿಸಿದೆ. ಏಟು ಮೆಕ್‌ಗೆ ಬಿತ್ತು. ಬೀಳಲಿ ಬಿಡಿ. ಮೆಕ್‌ನ ಪೆಟ್ಟು ಯುದ್ಧ ಮುಗಿದ ಮೇಲೆ ತಾನೇ ರಿಪೇರಿ ಆಗುತ್ತದೆ. ಹೋದ ಕಟ್ಟಡ ಹಾಗೆ ವಾಪಸ್ ಬರಲ್ಲ.

ಭಾರ ಅಂದರೆ ಇದೇ ಅಂತೀನಿ ನಾನು. ಮೈ ಅಡ್ಡ ಹಾಕುವ ಭಾರ. ಇಷ್ಟು ದೊಡ್ಡ ಯಂತ್ರ ಬಂದಿರುವುದು ಕೊಲ್ಲೋದಕ್ಕೆ ಅಂತ ನಾವು ತಿಳಿದುಕೊಂಡಿರುತ್ತೇವೆ. ಆಟ ನಮ್ಮಿಂದ ಮಾಡಿಸುವುದು ತಳ್ಳೋದು, ಅಡ್ಡ ನಿಲ್ಲೋದು, ಇನ್ನೊಂದು ಹುಳು ಮೇಲೆ ಬರುವ ತೂತಿನ ಮೇಲೆ ಕಾಲಿಟ್ಟು ಏಟು ತಿನ್ನೋದು. ಒಂದು ಹುಳುವನ್ನೂ ಕೊಲ್ಲದೆ ಇಡೀ ಟರ್ನ್ ಚೆನ್ನಾಗಿ ಆಡಬಹುದು. ಮೆಕ್‌ಗಳು ಬಂದಿಳಿದ ಕೂಡಲೇ ಕಟ್ಟಡದೊಳಗಿನ ಜನ ಏನೋ ಕೂಗುತ್ತಾರೆ, ಸಣ್ಣ ಅಕ್ಷರದಲ್ಲಿ ಬಂದು ಮಾಯವಾಗುತ್ತದೆ. ಎಷ್ಟೋ ಜನ ಓದುವುದೇ ಇಲ್ಲ. ಓದಿ.

ಇದನ್ನೆಲ್ಲ ಭಾವನಿಗೆ ಅಲ್ಲೇ ಆಡಿ ತೋರಿಸಿದೆ. "ಹ್ಞೂಂ, ಚೊಲೋ ಇದ್ದು. ಆದ್ರೂ ಚದುರಂಗವೇ" ಅಂದರು. ಮುಗಿಯಿತು ಕಥೆ.

ಅಷ್ಟು ಹೊತ್ತಿಗೆ ಒಳಗಿನಿಂದ ತಂಗಿ ಬಂದಳು. ಭಾವನ ತಂಗಿ, ಸಿಎ ಓದುತ್ತಿದ್ದಾಳೆ. ಅವಳಿಗೆ ಈ ಆಟ ಅಂದರೆ ಪ್ರಾಣ. ಕಾರಣ ಕೇಳಿದರೆ, ಅದೃಷ್ಟ ಇಲ್ಲ ಅನ್ನುತ್ತಾಳೆ. "ಸೋತ್ರೆ ಯಾರ ಮೇಲೂ ಹಾಕಲಾಗ್ತಿಲ್ಲೆ. ಅದೇ ಚೊಲೋ ಇದ್ದು." ಎಫ್‌ಟಿಎಲ್ ಆಡಿದವರಿಗೆ ಇದರ ಬೆಲೆ ಗೊತ್ತು. ಅಲ್ಲಿ ಲೇಸರ್ ಬಿಟ್ಟರೆ ತಾಗಬಹುದು, ತಪ್ಪಬಹುದು. ಕೊನೆಯ ಯುದ್ಧದಲ್ಲಿ ಸಾಲಾಗಿ ತಪ್ಪಿದರೆ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗಬೇಕು ಅನಿಸುತ್ತದೆ. ಇಲ್ಲಿ ಏಟು ಅಂದರೆ ಏಟು. ಎರಡು ಅಂತ ಬರೆದಿದ್ದರೆ ಎರಡೇ ಬೀಳುತ್ತದೆ.

ಒಂದೇ ಒಂದು ಕಡೆ ಮಾತ್ರ ಅದೃಷ್ಟ ಇದೆ, ಅದನ್ನೇ ಹಿಡಿದು ಇವಳಿಗೂ ನನಗೂ ಗಲಾಟೆ. ಕಟ್ಟಡಕ್ಕೆ ಏಟು ಬಿದ್ದಾಗ ಅದು ತಡೆದುಕೊಳ್ಳುವ ಸಾಧ್ಯತೆ ಶುರುವಿನಲ್ಲಿ ಶೇಕಡಾ 15. ತಂಗಿಗೆ ಇದು ಕಣ್ಣಿಗೆ ಬಿದ್ದ ಕಸ. ಪೂರ್ತಿ ಲೆಕ್ಕದ ಆಟದಲ್ಲಿ ಇದೊಂದು ಯಾಕೆ, ಸೊನ್ನೆ ಮಾಡಿಬಿಡಲಿ ಅನ್ನುತ್ತಾಳೆ. ನನಗೆ ಅದೇ ಇಷ್ಟ. ಆ ಅದೃಷ್ಟ ಯಾವತ್ತೂ ನಮಗೆ ಕೇಡು ಮಾಡಲ್ಲ. ಎಲ್ಲ ಲೆಕ್ಕ ಹಾಕಿ, ಒಂದು ಕಟ್ಟಡ ಹೋಗೇ ಹೋಗುತ್ತೆ ಅಂತ ಕೈಚೆಲ್ಲಿದ ಮೇಲೆ ಅದು ಉಳಿದುಬಿಟ್ಟರೆ ಕೂತಲ್ಲೇ ಚಪ್ಪಾಳೆ ತಟ್ಟುತ್ತೇವೆ. ಸಿಎ ಓದುವವರಿಗೆ ಇದು ಹಿಡಿಸದೇ ಇರುವುದು ಸಹಜ ಬಿಡಿ.

ಆಮೇಲೆ ಆಟದ ಕರೆಂಟಿನ ವಿಷಯ. ಮೇಲಿನ ಮೂಲೆಯಲ್ಲಿ ಕಾಣುವ ಈ ಪಟ್ಟಿ ಊರಿನ ಪವರ್ ಗ್ರಿಡ್. ಕಟ್ಟಡ ಬಿದ್ದಂತೆ ಇದು ಇಳಿಯುತ್ತದೆ. ಸೊನ್ನೆ ಆದರೆ ಸೋಲು. ಮೂರೂ ಮೆಕ್ ಗಟ್ಟಿಮುಟ್ಟಾಗಿ ನಿಂತಿದ್ದರೂ ಸೋಲು. ಬದುಕಿರುವ ಪೈಲಟ್‌ಗಳಲ್ಲಿ ಒಬ್ಬರನ್ನು ಮಾತ್ರ ಇನ್ನೊಂದು ಕಾಲಕ್ಕೆ ಕಳಿಸಿ ಮೊದಲಿನಿಂದ ಶುರು ಮಾಡಬೇಕು. ಇದನ್ನು ನಾನು ಕ್ಯಾಮೆರಾಗೆ ವಿವರಿಸುತ್ತಿದ್ದಾಗಲೇ ಶಿರಸಿಯಲ್ಲಿ ಕರೆಂಟ್ ಹೋಯ್ತು. ಕಪ್ಪಾದ ಈ ಭಾಗವನ್ನು ಬೇಕಂತಲೇ ಕತ್ತರಿಸದೆ ಬಿಟ್ಟಿದ್ದೇನೆ, ತಂಗಿ ನಗೋದು ಕೇಳಿಸುತ್ತೆ. ನಮ್ಮ ಜಿಲ್ಲೆಯಲ್ಲೇ ಸೂಪಾ, ಕದ್ರಾ ಜಲವಿದ್ಯುತ್ ಕೇಂದ್ರ ಇವೆ, ಕೈಗಾ ಅಣುಸ್ಥಾವರದಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕ ಇವೆ. ಗಾಳಿ ಮಳೆಗೆ ಒಂದು ಮರ ತಂತಿ ಮೇಲೆ ಬಿದ್ದರೆ ಆಯ್ತು, ನಮ್ಮ ಪಟ್ಟಿ ಸೊನ್ನೆ. ಯುಪಿಎಸ್ ಇದ್ದಿದ್ದಕ್ಕೆ ಭಾವನ ಪಿಸಿ ಸರಿಯಾಗಿ ಆಫ್ ಮಾಡಲು ಪುರುಸೊತ್ತು ಸಿಕ್ಕಿತು, ಅಷ್ಟೇ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಆಟ ಮುಂದುವರಿಯಿತು. ಕೆಲವೇ ನೂರು ಎಂಬಿ ಸೈಜು, ಗ್ರಾಫಿಕ್ಸ್ ಕಾರ್ಡಿನ ಹಂಗಿಲ್ಲ. ನಮ್ಮ ಕಡೆ ಈ ಆಟ ಇಷ್ಟು ಜನರಿಗೆ ಮುಟ್ಟಿದ್ದಕ್ಕೆ ಅರ್ಧ ಕಾರಣ ಇದು.

ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ದಾಟಿ ಕಾರವಾರ. ಈ ಭಾಗ ಫಾಸ್ಟ್ ಫಾರ್ವರ್ಡ್.

ಇದು ಟ್ಯಾಗೋರ್ ಕಡಲತೀರ. ಹಿಂದೆ ಕಾಣೋದು ಐಎನ್‌ಎಸ್ ಚಾಪಲ್, ಹಿಂದೆ ನೌಕಾಪಡೆಯಲ್ಲಿದ್ದ ಕ್ಷಿಪಣಿ ದೋಣಿ, ಈಗ ಮ್ಯೂಸಿಯಂ. ಮರಳಿನ ಪಕ್ಕ ನಿಂತಿರುವ ಇದರ ಮೇಲೆ ನಾಲ್ಕೇ ಕ್ಷಿಪಣಿ ಗೂಡು. ನನ್ನ ಕಾರವಾರದ ಗೆಳೆಯನಿಗೆ ಇಲ್ಲೇ ಕೂತು ಮಾತಾಡಬೇಕಂತೆ. ಗೇಮ್‌ನಲ್ಲಿ ಗುಂಡು ಮುಗಿಯದೇ ಇರುವುದು ನೋಡಿದರೆ ಅವನಿಗೆ ಸಿಟ್ಟು. "ಎಂತ ಮಾರಾಯಾ, ನಿಜವಾದ ದೋಣಿಗೇ ನಾಲ್ಕು. ಇವರಿಗೆ ಮಾತ್ರ ಲೆಕ್ಕ ಇಲ್ವಾ?"

ಅವನ ನೆಚ್ಚಿನ ಮೆಕ್ ಗೇಮ್ ಬ್ರಿಗಡೋರ್. ಸ್ಟೆಲ್ಲರ್ ಜಾಕೀಸ್ ಅನ್ನೋ ಸಣ್ಣ ತಂಡದ್ದು, 2016ರಲ್ಲಿ ಬಂತು. ಅಲ್ಲಿ ಗುಂಡು ಮುಗಿಯುತ್ತದೆ, ಹುಡುಕಿ ತುಂಬಿಸಿಕೊಳ್ಳಬೇಕು. ಕಾಲು ಒಂದು ಕಡೆ, ಮೇಲಿನ ತೋಪು ಇನ್ನೊಂದು ಕಡೆ ತಿರುಗುತ್ತದೆ. ಆ ಕಂಟ್ರೋಲ್ ಬಗ್ಗೆ ಆಡುವವರು ಎರಡು ಪಂಗಡ. ಕೆಲವರಿಗೆ ಯಂತ್ರ ನಡೆಸಿದ ಅನುಭವ ಅಲ್ಲೇ ಸಿಗುತ್ತದೆ. ಕೆಲವರು ಮೊದಲ ಗಂಟೆಯಲ್ಲೇ ಕೈಬಿಡುತ್ತಾರೆ. ನಾನು ಎರಡನೇ ಪಂಗಡ. ಭಾವನಿಗೆ ಬೇಕಾಗಿರುವುದು ನಿಜಕ್ಕೂ ಈ ಆಟ ಅನಿಸುತ್ತದೆ, ಕಳಿಸಿದ್ದೇನೆ, ನೋಡೋಣ.

ಇನ್‌ಟು ದ ಬ್ರೀಚ್ ಬಗ್ಗೆ ಗೆಳೆಯನ ದೂರು ಬೇರೆ. ಅವನು ಆಡಿದ್ದು ಫೋನ್‌ನಲ್ಲಿ. 2022ರ ಜುಲೈನಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಇದು ಫೋನ್‌ಗೂ ಬಂತಲ್ವಾ, ಆಗಿನಿಂದ. ಬೆರಳಲ್ಲಿ ಆಡೋಕೆ ತುಂಬಾ ಚೆನ್ನ ಅಂತಾನೆ. ಆದರೆ ಆಟದಲ್ಲಿರುವ ನಾಲ್ಕು ದ್ವೀಪ ತಿರುಗಿ ತಿರುಗಿ ಎಲ್ಲ ಕಾರ್ಯಾಚರಣೆಗಳೂ ಬಾಯಿಪಾಠ ಆಗಿವೆ. ರೈಲು ಕಾಯೋದು, ಅಣೆಕಟ್ಟು ಒಡೆಯೋದು, ಮತ್ತೆ ರೈಲು ಕಾಯೋದು. ಆಟಕ್ಕೆ ಉದ್ದ ಸಾಲದು ಅನ್ನೋ ಈ ಮಾತನ್ನು ಬಹಳ ಜನ ಹೇಳುತ್ತಾರೆ.

ನನ್ನ ಉತ್ತರ: ದ್ವೀಪ ಬದಲಿಸಬೇಡ, ತಂಡ ಬದಲಿಸು. ಇವನು ಮೊದಲ ತಂಡ ರಿಫ್ಟ್ ವಾಕರ್ಸ್ ಬಿಟ್ಟು ಕದಲಿರಲಿಲ್ಲ. ಫ್ರೋಜನ್ ಟೈಟನ್ಸ್ ಕೊಟ್ಟೆ. ಅದರಲ್ಲಿ ಐಸ್ ಮೆಕ್ ಅಂತ ಒಂದಿದೆ. ದೂರದ ಹುಳುವನ್ನು ಮಂಜುಗಡ್ಡೆ ಮಾಡಿ ನಿಲ್ಲಿಸುತ್ತದೆ. ಜೊತೆಗೆ ತಾನೂ ಹೆಪ್ಪುಗಟ್ಟುತ್ತದೆ. ಮುಂದಿನ ಟರ್ನ್ ರಿಪೇರಿಗೇ ಖರ್ಚಾಗದ ಹಾಗೆ ಅದನ್ನು ಬಿಡಿಸಬೇಕಾದರೆ ಯಾರಾದರೂ ಹೊಡೆಯಬೇಕು. ಶತ್ರು ಹೊಡೆದರೂ ನಡೆಯುತ್ತೆ. ಹಾಗಾಗಿ ಶತ್ರುವಿನ ಏಟು ನಮ್ಮ ಮೆಕ್‌ಗೇ ಬೀಳುವ ಹಾಗೆ ನಾವೇ ವ್ಯವಸ್ಥೆ ಮಾಡಬೇಕು! ಗೆಳೆಯ ಫೋನ್ ಕೈಗೆ ತಗೊಂಡವನು ಮಾತು ನಿಲ್ಲಿಸಿಬಿಟ್ಟ. ಸಂದರ್ಶನ ಅಲ್ಲಿಗೇ ಖತಂ. ಈ ಉದ್ದ ಶಾಟ್‌ನಲ್ಲಿ ಅವನು ಸುಮ್ನೆ ಪರದೆ ನೋಡುತ್ತಾ ಕೂತಿದ್ದಾನೆ, ನೋಡಿ.

ಫೋನ್‌ಗೆ ಬಂದ ಹೊತ್ತಿಗೇ ಅಡ್ವಾನ್ಸ್ಡ್ ಎಡಿಷನ್ ಕೂಡ ಬಂತು. ಮೊದಲೇ ಕೊಂಡವರಿಗೆ ಪುಕ್ಕಟೆ. ಐದು ಹೊಸ ತಂಡ, ಹೊಸ ಪೈಲಟ್‌ಗಳು, ಹಾರ್ಡ್‌ಗಿಂತ ಮೇಲೆ ಅನ್‌ಫೇರ್ ಅಂತ ಒಂದು ಮಟ್ಟ. ಅನ್‌ಫೇರ್ ಹೆಸರಿಗೆ ತಕ್ಕ ಹಾಗೇ ಇದೆ, ನನಗಂತೂ ಅದರಲ್ಲಿ ಖುಷಿ ಸಿಗಲಿಲ್ಲ. ಲೆಕ್ಕ ಬಿಡಿಸುವ ಬದಲು ಯಾವ ನಷ್ಟ ಚಿಕ್ಕದು ಅಂತ ಆರಿಸೋದೇ ಕೆಲಸ ಆಗುತ್ತದೆ. ತಂಗಿಗೆ ಅದೇ ಬೇಕು.

ನನ್ನದೂ ಒಂದು ತಕರಾರು ಇದೆ, ಅದನ್ನು ಈ ಮೂವರಲ್ಲಿ ಯಾರೂ ಹೇಳಲಿಲ್ಲ. ಕೊನೆಯ ಯುದ್ಧ. ಜ್ವಾಲಾಮುಖಿಯ ದ್ವೀಪಕ್ಕೆ ಹೋಗಿ, ಆಮೇಲೆ ನೆಲದಡಿಯ ಗುಹೆಗೆ ಇಳಿದು, ಬಾಂಬ್ ಸಿಡಿಯುವವರೆಗೆ ಅದನ್ನು ಕಾಯಬೇಕು. ಮೊದಲ ಸಲ ಮೈ ಜುಮ್ ಅನ್ನುತ್ತದೆ. ಆದರೆ ಪ್ರತಿ ಸಲವೂ ಅದೇ. ಅಲ್ಲಿಯವರೆಗೆ ಊರಿನ ಜನರನ್ನು ಕಾದವರಿಗೆ ಅಲ್ಲಿ ಕಾಯಲು ಸಿಗೋದು ಒಂದು ಬಾಂಬ್. ಅದಕ್ಕೇ ಎರಡು ದ್ವೀಪ ಗೆದ್ದ ಕೂಡಲೇ ಅಲ್ಲಿಗೆ ಹೋಗಬಹುದಾದರೂ ನಾನು ಹೋಗಲ್ಲ. ನಾಲ್ಕೂ ದ್ವೀಪ ಮುಗಿಸಿಯೇ ಹೋಗೋದು.

ಹೊಸದಾಗಿ ಆಡುವವರು ನಾರ್ಮಲ್‌ನಲ್ಲಿ, ರಿಫ್ಟ್ ವಾಕರ್ಸ್ ಜೊತೆ ಶುರು ಮಾಡಿ. ಈಸಿ ಬೇಡ, ಅದರಲ್ಲಿ ಹುಳು ಕಡಿಮೆ, ತಳ್ಳುವ ಮಜಾ ಗೊತ್ತಾಗಲ್ಲ. ಆಡಿದ ಟರ್ನ್ ಅನ್ನು ಮತ್ತೆ ಮೊದಲಿನಿಂದ ಆಡಲು ಬಿಡುವ ಟರ್ನ್ ರೀಸೆಟ್ ಒಂದು ಯುದ್ಧಕ್ಕೆ ಒಂದೇ ಸಲ ಸಿಗುತ್ತದೆ, ಎರಡನೇ ಟರ್ನ್‌ಗೇ ಖರ್ಚು ಮಾಡಬೇಡಿ. ಮತ್ತೆ ನೀರು ಕಂಡರೆ ಬಿಡಬೇಡಿ. ಹಾರಲು ಬಾರದ ಸಾಮಾನ್ಯ ಹುಳುವನ್ನು (ದೈತ್ಯ ನಾಯಕ ಹುಳುಗಳನ್ನು ಬಿಟ್ಟು) ನೀರಿಗೆ ತಳ್ಳಿದರೆ ಎಷ್ಟು ಜೀವ ಉಳಿದಿದ್ದರೂ ಅಲ್ಲಿಗೇ ಮುಗಿಯಿತು.