ಮುಂದೆ ನಡೆಯುವವರ ಖುಷಿ

ಗೆಳೆಯರೇ, ನಮಸ್ಕಾರ. ನಡೆದರೆ ಆರೋಗ್ಯಕ್ಕೆ ಒಳ್ಳೆಯದು ಅಂತ ಹೇಳಲು ನಾನು ಬಂದಿಲ್ಲ, ಅದು ನಿಮಗೆಲ್ಲ ಗೊತ್ತೇ ಇದೆ. ಹೊಲ, ಗುಡ್ಡ, ಹಳ್ಳದ ದಂಡೆ ಅಂತ ಹತ್ತಿಪ್ಪತ್ತು ಜನರನ್ನು ನಡೆಸಿಕೊಂಡು ಹೋಗುವವರಿಗೆ ಸಿಗುವ ಖುಷಿಯ ಬಗ್ಗೆ ಮಾತಾಡಬೇಕು. ಅದರಲ್ಲಿ ಅರ್ಧ ಖುಷಿ ಮೊದಲೇ, ಹೊಸ ದಾರಿ ಹುಡುಕುವಾಗಲೇ ಸಿಕ್ಕಿಬಿಡುತ್ತದೆ.

ಹುಡುಕಾಟ ಶುರುವಾಗುವುದು ಮ್ಯಾಪಿನಿಂದ. 1:50,000 ಅಳತೆಯ ಮ್ಯಾಪಿನಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಎತ್ತರ ತೋರಿಸುವ ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರದೂರ ಇದ್ದರೆ ಸಲೀಸು. ಆದರೆ ಹೊಸದಾಗಿ ಬೇಲಿ ಹಾಕಿದ್ದಾರಾ, ಮಳೆ ಬಂದರೆ ಹಳ್ಳ ದಾಟಬಹುದಾ, ಇದನ್ನೆಲ್ಲ ಮ್ಯಾಪ್ ಹೇಳುವುದಿಲ್ಲ. ಹೋಗಿಯೇ ನೋಡಬೇಕು. ಜಮೀನಿನವರನ್ನು ಕಂಡು ಮಾತಾಡಿಸಿ, ಒಪ್ಪಿಗೆ ಕೇಳಬೇಕು. ಆ ಮಾತುಕತೆಯಲ್ಲೇ ಎಷ್ಟೋ ಸಲ ಮ್ಯಾಪಿನಲ್ಲಿಲ್ಲದ ಕಾಲುದಾರಿಯ ಸುಳಿವು ಸಿಗುತ್ತದೆ.

ನನಗೆ ತುಂಬಾ ಇಷ್ಟವಾಗುವುದು ದಾರಿ ಕವಲೊಡೆಯುವ ಜಾಗ. ದನ ಓಡಾಡುವ ದಾರಿ ಅಗಲವಾಗಿ, ಚೆನ್ನಾಗಿ ತುಳಿದು ನುಣ್ಣಗಾಗಿರುತ್ತದೆ. ಜನ ನಡೆಯುವ ದಾರಿ ಪಕ್ಕದಲ್ಲೇ ಹುಲ್ಲಿನಲ್ಲಿ ಮುಚ್ಚಿಹೋಗಿರುತ್ತದೆ. ಅಗಲದ ದಾರಿ ಹಿಡಿದರೆ ಅದು ನೀರಿನ ಹತ್ತಿರವೋ ಪೊದೆಯೊಳಗೋ ಹೋಗಿ ನಿಂತುಬಿಡುತ್ತದೆ. ಹಾಗಾಗಿ ಹೊಸ ದಾರಿಯನ್ನು ಎರಡೂ ಕಡೆಯಿಂದ ನಡೆದು ನೋಡುತ್ತೇನೆ. ಹೋಗುವಾಗ ಕಣ್ಣಿಗೇ ಬೀಳದ ಕವಲು ಬರುವಾಗ ಎದುರಿಗೇ ಕಾಣುತ್ತದೆ, ಅದೇ ನೆಲ ಅಂತ ನಂಬೋದೇ ಕಷ್ಟ!

ಸಮಯದ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಹತ್ತುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಅಂದರೆ 300 ಮೀಟರ್ ಏರಿರುವ 10 ಕಿಲೋಮೀಟರ್ ದಾರಿಗೆ ಎರಡೂವರೆ ಗಂಟೆ. ಇದು ಗಟ್ಟಿಮುಟ್ಟಾದವರು ನಿಲ್ಲದೆ ನಡೆದರೆ ಮಾತ್ರ. ಗುಂಪಿಗೆ ಜಾಸ್ತಿಯೇ ಇಟ್ಟುಕೊಳ್ಳಿ, ಯಾಕಂದರೆ ಗುಂಪಿನ ವೇಗ ಅಂದರೆ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗ.

ಅವರ ಬಗ್ಗೆ ಒಂದು ಮಾತು. ಮುಂದಿನವರು ನಿಂತು ಸುಧಾರಿಸಿಕೊಳ್ಳುತ್ತಾರೆ, ಕೊನೆಯವರು ಏದುಸಿರು ಬಿಡುತ್ತಾ ಬಂದು ಸೇರುತ್ತಾರೆ, ಅಷ್ಟರಲ್ಲಿ ಎಲ್ಲರೂ ಹೊರಟುಬಿಡುತ್ತಾರೆ. ಯಾರಿಗೆ ವಿಶ್ರಾಂತಿ ಬೇಕಿತ್ತೋ ಅವರಿಗೇ ಸಿಗಲಿಲ್ಲ, ಅಲ್ವಾ? ಕೊನೆಯವರು ಬಂದು, ನೀರು ಕುಡಿದು, ಉಸಿರು ಸರಿಯಾದ ಮೇಲೇ ಹೊರಡಬೇಕು. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಎಲ್ಲರ ಹಿಂದೆ ದಾರಿ ಗೊತ್ತಿರುವ ಒಬ್ಬರು ಇರಲೇಬೇಕು.

ಇನ್ನು ನಡಿಗೆಯ ದಿನದ ಖುಷಿ. ಗುಡ್ಡದ ನೆತ್ತಿಗೆ ನಾಲ್ಕು ಹೆಜ್ಜೆ ಇರುವಾಗ ನಾನು ಸುಮ್ನೆ ಪಕ್ಕಕ್ಕೆ ಸರಿಯುತ್ತೇನೆ. ಆಚೆಗೆ ಏನಿದೆ ಅಂತ ಮೊದಲೇ ಹೇಳುವುದಿಲ್ಲ. ಅವರೇ ಮುಂದೆ ಹೋಗಿ ಕಣಿವೆಯನ್ನು ನೋಡಲಿ. ನಾನು ಆಗಲೇ ನೋಡಿದ ನೋಟ ಅದು, ಆದರೂ ಅವರ ಮುಖ ನೋಡುತ್ತಾ ನಿಂತರೆ ನನಗೂ ಹೊಸದಾಗಿ ಕಂಡಂತಾಗುತ್ತದೆ.

ಕೆಲವೊಮ್ಮೆ ಯಾರಾದರೂ ಹತ್ತಿರ ಬಂದು, “ಆಗ ಎಡಗಡೆ ಒಂದು ದಾರಿ ಹೋಯ್ತಲ್ಲ, ಅದು ಎಲ್ಲಿಗೆ ಸೇರುತ್ತೆ?” ಅಂತ ಕೇಳುತ್ತಾರೆ. ದಾರಿ ಹುಡುಕಲು ಜೊತೆಗಾರರು ಸಿಗುವುದು ಹೀಗೆಯೇ. ಒಬ್ಬರೇ ಹೋಗುವುದಕ್ಕಿಂತ ಇಬ್ಬರು ಹೋಗುವುದು ಕ್ಷೇಮ ಕೂಡ. ಹಾಗಾಗಿ ನಾನು ತಕ್ಷಣ ಕೇಳುತ್ತೇನೆ: “ಬರುವ ಭಾನುವಾರ ಬಿಡುವಿದೆಯಾ?”