ಹಳೆಯ ಗೋಡೆಗಳ ನಡುವೆ ಹೊಸ ಮಳಿಗೆ

ಕೇಳುಗರಿಗೆ ನಮಸ್ಕಾರ.

ಜನರೇ ಕೂಡಿ ಷೇರು ಹಾಕಿ, ಪಾಳು ಬಿದ್ದಿದ್ದ ಹಳೆಯ ಕಟ್ಟಡವೊಂದನ್ನು ಜೀರ್ಣೋದ್ಧಾರ ಮಾಡಿ, ಅದರಲ್ಲಿ ತಮ್ಮದೇ ಆಹಾರ ಸಹಕಾರ ಮಳಿಗೆಯನ್ನು ತೆರೆಯುವುದೆಂದರೆ ಎರಡು ಕೆಲಸಗಳನ್ನು ಒಟ್ಟಿಗೆ ಹೊತ್ತುಕೊಂಡಂತೆ. ಗೋಡೆ ತಾಳ್ಮೆಯನ್ನು ಬೇಡುತ್ತದೆ. ಸೊಪ್ಪು ಮರುದಿನದವರೆಗೂ ಕಾಯುವುದಿಲ್ಲ. ಇವೆರಡರ ಲೆಕ್ಕ ಒಂದರೊಳಗೊಂದು ಬೆರೆತುಹೋದರೆ ಮೊದಲು ಸೊರಗುವುದು ಮಳಿಗೆಯೇ ಎಂಬುದು ನನ್ನ ಅಭಿಪ್ರಾಯ.

ಸಹಕಾರ ಚಳವಳಿಯ ಇತಿಹಾಸದಲ್ಲಿ ಹೆಸರಾದ ಮಳಿಗೆಯೂ ಹಳೆಯ ಕಟ್ಟಡದಲ್ಲಿಯೇ ಆರಂಭವಾಯಿತು. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ ನೇಕಾರರೇ ಮೊದಲಾದ ದುಡಿಯುವ ಜನ, 28 ಪೌಂಡುಗಳ ಬಂಡವಾಳ ಕೂಡಿಸಿ, ಟೋಡ್ ಲೇನ್ ಎಂಬ ಬೀದಿಯ ಗೋದಾಮೊಂದರ ನೆಲ ಅಂತಸ್ತನ್ನು ಮಾತ್ರ ಬಾಡಿಗೆಗೆ ಹಿಡಿದು, 1844ರ ಡಿಸೆಂಬರ್ 21ರಂದು ಬಾಗಿಲು ತೆರೆದರು. ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಹಿಟ್ಟು, ಮೇಣದಬತ್ತಿ – ಅಂದಿನ ದಾಸ್ತಾನು ಹೆಚ್ಚುಕಡಿಮೆ ಇಷ್ಟೇ. ಕಲಬೆರಕೆಯಿಲ್ಲದ ಸರಕು, ಸರಿಯಾದ ತೂಕ, ಸಾಲವಿಲ್ಲದ ವ್ಯಾಪಾರ ಎಂಬ ಕಟ್ಟುಪಾಡಿಗೆ ಅವರು ಅಂಟಿಕೊಂಡರು. ಅಂಗಡಿಯ ಸೊಬಗಿಗೆ ಹಣ ಸುರಿಯುವಷ್ಟು ಅನುಕೂಲ ಅವರಿಗಿರಲಿಲ್ಲ. ಅದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತೆನ್ನಬೇಕು. ಆ ಕಟ್ಟಡವೇ 1931ರಿಂದ ವಸ್ತುಸಂಗ್ರಹಾಲಯವಾಗಿದೆ.

ಈಗ ಗೋಡೆಯ ವಿಚಾರ. ಹಳೆಯ ಕಟ್ಟಡಗಳ ಸುಣ್ಣದ ಗಾರೆ ತೇವವನ್ನು ಹೀರಿಕೊಂಡು ಮೆಲ್ಲನೆ ಹೊರಗೆ ಬಿಡುತ್ತದೆ. ಬೇಗ ಮುಗಿಯಲೆಂದು ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು, ಕೆಲವು ಮಳೆಗಾಲಗಳಲ್ಲಿ ಇಟ್ಟಿಗೆಯ ಮುಖವೇ ಚಕ್ಕೆ ಚಕ್ಕೆಯಾಗಿ ಉದುರತೊಡಗುತ್ತದೆ. ಅಂಥ ಗೋಡೆಗೆ ಒರಗಿಸಿದ ಧಾನ್ಯದ ಚೀಲವನ್ನು ಸರಿಸಿ ನೋಡಿ: ಗೋಡೆಯ ಮೇಲೆ ಬಿಳಿಯ ಉಪ್ಪಿನ ಪುಡಿ, ಚೀಲದ ಬೆನ್ನಿಗೆ ಬೂಷ್ಟು, ಮೂಗಿಗೆ ಮುಗ್ಗಲು ವಾಸನೆ. ಆದ್ದರಿಂದ ಸುಣ್ಣದ ಗಾರೆಯನ್ನೇ ಬಳಸಿ, ಅದು ನಿಧಾನವಾಗಿ ಗಟ್ಟಿಯಾಗಲು ಬಿಟ್ಟು, ಚೀಲಗಳನ್ನು ಗೋಡೆಯಿಂದ ಗೇಣುದೂರ ಹಲಗೆಯ ಮೇಲೆ ಇರಿಸುವುದು ಕ್ಷೇಮ. ಶೀತಲ ಪೆಟ್ಟಿಗೆಗಳ ಭಾರವನ್ನು ಹಳೆಯ ಮರದ ತೊಲೆಗಳು ಹೊರಬಲ್ಲವೇ, ಅವುಗಳಿಂದ ತೊಟ್ಟಿಕ್ಕುವ ನೀರು ಎಲ್ಲಿಗೆ ಹರಿಯಬೇಕು ಎಂಬುದನ್ನು ಎಂಜಿನಿಯರರೊಂದಿಗೆ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಇಷ್ಟೆಲ್ಲ ತಾಪತ್ರಯವಿದ್ದರೂ ಇಂಥ ಕಟ್ಟಡವನ್ನು ಬಳಕೆಯಲ್ಲಿಡುವುದೇ ಸರಿ. ಸ್ಮಾರಕಗಳ ಸಂರಕ್ಷಣೆಯನ್ನು ಕುರಿತ 1964ರ ವೆನಿಸ್ ಸನ್ನದಿನ ಐದನೆಯ ವಿಧಿಯು, ಸಮಾಜಕ್ಕೆ ಉಪಯುಕ್ತವಾದ ಉದ್ದೇಶಕ್ಕೆ ಬಳಸುವುದರಿಂದ ಸಂರಕ್ಷಣೆ ಸುಲಭವಾಗುತ್ತದೆಯೆಂದು ಹೇಳಿ, ಆ ಬಳಕೆಯಿಂದ ಕಟ್ಟಡದ ವಿನ್ಯಾಸವಾಗಲಿ ಅಲಂಕಾರವಾಗಲಿ ಬದಲಾಗಕೂಡದೆಂಬ ಮಿತಿಯನ್ನೂ ಹಾಕುತ್ತದೆ. ಗೋಡೆಗೆ ಮೊಳೆ ಹೊಡೆಯದೆ ತಾನೇ ನಿಲ್ಲುವ ಕಪಾಟು ಈ ಮಿತಿಯೊಳಗೆ ಸುಲಭವಾಗಿ ಹೊಂದಿಕೊಳ್ಳುತ್ತದೆ.

ಇನ್ನು ಹಣ. ಆಹಾರ ವ್ಯಾಪಾರದಲ್ಲಿ ಲಾಭದ ಅಂಚು ತೀರ ತೆಳುವಾದದ್ದು, ಕೊಳೆತು ಹೋಗುವ ಪಾಲಂತೂ ಇದ್ದೇ ಇರುತ್ತದೆ. ಹೀಗಿರುವಾಗ ಸದಸ್ಯರ ಷೇರು ಹಣವೆಲ್ಲ ಚಾವಣಿಗೆ ಹೋಗಿಬಿಟ್ಟರೆ, ಬಾಗಿಲು ತೆರೆದ ದಿನ ಚಾವಣಿ ಭದ್ರವಾಗಿರುತ್ತದೆ, ಕಪಾಟುಗಳು ಖಾಲಿಯಿರುತ್ತವೆ. ಕಟ್ಟಡಕ್ಕೆ ಬಂದ ದೇಣಿಗೆ ಮತ್ತು ಅನುದಾನಕ್ಕೆ ಒಂದು ಖಾತೆ, ಸರಕು ಮತ್ತು ಸಂಬಳಕ್ಕೆ ಇನ್ನೊಂದು ಖಾತೆ ಇರಬೇಕು. ಒಂದರಿಂದ ಇನ್ನೊಂದಕ್ಕೆ ಹಣ ದಾಟಬೇಕಾದರೆ ಸರ್ವಸದಸ್ಯರ ಸಭೆಯ ಒಪ್ಪಿಗೆ ಬೇಕು. ಆ ಸಭೆಯಲ್ಲಿ ಹತ್ತು ಷೇರು ಕೊಂಡವರಿಗೂ ಒಂದೇ ಮತ, ಒಂದು ಷೇರು ಕೊಂಡವರಿಗೂ ಒಂದೇ ಮತ. ವರ್ಷದ ಕೊನೆಗೆ ಮಿಗತೆಯಲ್ಲಿ ಹಂಚುವ ಪಾಲನ್ನು ಷೇರಿಗೆ ತಕ್ಕಂತಲ್ಲದೆ ಖರೀದಿಗೆ ತಕ್ಕಂತೆ ಕೊಡುವುದು ರಾಚ್‌ಡೇಲಿನವರು ನೆಲೆಗೊಳಿಸಿದ ರೂಢಿ.

ಅವರು ಮೇಲಿನ ಅಂತಸ್ತುಗಳನ್ನು ಹಿಡಿದದ್ದು ವ್ಯಾಪಾರ ಕುದುರಿದ ಮೇಲೆ. ನಮ್ಮ ಕಾಲದ ಸಂಘವೂ ಮಹಡಿಯ ದುರಸ್ತಿಯನ್ನು ಮುಂದಕ್ಕೆ ಹಾಕಿ, ಮೆಟ್ಟಿಲ ಬಾಗಿಲಿಗೆ ಬೀಗ ಜಡಿದು, ಕೆಳಗಿನ ಒಂದೇ ಕೋಣೆಯಲ್ಲಿ ತಕ್ಕಡಿ ಇಡಬಹುದು.

ನಮಸ್ಕಾರ.